ಯುರೋಪಿಗೆ ಹೋದ ಬೀಸುಕಲ್ಲು

ರೂಪೇಶ ಕೂತದ್ದು ಬೆಂಚಿನ ಮೇಲಲ್ಲ, ಬೀಸುಕಲ್ಲಿನ ಮೇಲೆ. ಕಲ್ಲು ಥರ್ಮಾಕೋಲಿನದ್ದು. ಟಕ್ ಎಂದು ಎರಡು ಹೋಳಾಯಿತು.

ಏಳನೇ ಕ್ಲಾಸಿನವರೆಲ್ಲ ಓಡಿ ಬಂದು ಸುತ್ತ ನಿಂತರು. ಶನಿವಾರವೇ ಸ್ಕೂಲ್ ಡೇ. ಆ ಕಲ್ಲನ್ನು ಕತ್ತರಿಸಿ ಬಣ್ಣ ಬಳಿಯಲು ವಿಘ್ನೇಶ್ವರ ಸರ್ ತಮ್ಮ ಇಡೀ ಭಾನುವಾರ ಕಳೆದಿದ್ದರು. ಅವರು ಸೋಶಿಯಲ್ ಸೈನ್ಸ್ ಕಲಿಸುವವರು. ಮಧ್ಯಯುಗದ ಯುರೋಪಿನ ಪಾಠ ಮಕ್ಕಳ ತಲೆಗೆ ಹೋಗಲಿ ಎಂದು ನಾಟಕವನ್ನೂ ಅವರೇ ಬರೆದಿದ್ದರು.

ನಾಟಕದ ಕತೆ ಹೀಗೆ. ಯುರೋಪಿನ ಒಂದು ಊರು. ಅಲ್ಲಿಯ ಹೊಲ, ಕಾಡು, ಹೊಳೆ ಎಲ್ಲ ಒಬ್ಬನೇ ಒಡೆಯನದ್ದು. ಆ ಹೊಲದಲ್ಲಿ ದುಡಿಯುವ ರೈತರಿಗೆ ಸರ್ಫ್ ಎಂದು ಹೆಸರು. ಅವರು ಒಡೆಯನನ್ನು ಕೇಳದೆ ಊರು ಬಿಡುವ ಹಾಗೂ ಇಲ್ಲ. ಹಿಟ್ಟು ಬೇಕಾದರೆ ಒಡೆಯನ ಗಿರಣಿಗೇ ಹೋಗಬೇಕು, ಅದರಲ್ಲಿ ಒಂದು ಪಾಲನ್ನು ಅಲ್ಲೇ ಕೊಟ್ಟು ಬರಬೇಕು. ಒಬ್ಬ ಹೆಂಗಸು ಮಾತ್ರ ಮನೆಯಲ್ಲಿ ಗುಟ್ಟಾಗಿ ಬೀಸುಕಲ್ಲು ಇಟ್ಟುಕೊಂಡಿರುತ್ತಾಳೆ. ಒಡೆಯನ ಪಾರುಪತ್ಯಗಾರ ಅದನ್ನು ಪತ್ತೆ ಹಚ್ಚುತ್ತಾನೆ. ಒಡೆಯ ಬಂದು ಕಲ್ಲಿನ ಮೇಲೆ ಕಾಲಿಟ್ಟು, ಇದನ್ನು ನನ್ನ ಅಂಗಳಕ್ಕೆ ಹಾಸಿ, ದಿನಾ ತುಳಿದು ಓಡಾಡುತ್ತೇನೆ ಎನ್ನುತ್ತಾನೆ. ಹೆಂಗಸು ಗೋಳೋ ಎಂದು ಅಳುತ್ತಾಳೆ. ಪರದೆ ಬೀಳುತ್ತದೆ.

ಆ ಅಳುವ ಹೆಂಗಸೇ ಅಂಕಿತಾ. ಒಡೆಯ ಶಿಶಿರ. ಅವನು ಕರ್ಕಿಯ ಹುಡುಗ, ಮನೆಯಲ್ಲಿ ಎಲ್ಲರೂ ಯಕ್ಷಗಾನದವರು. ಒಡೆಯನಿಗೆ ಕಿರೀಟ ಬೇಕೆಂದಾಗ ಅವನು ದೊಡ್ಡಪ್ಪನ ಕಿರೀಟವನ್ನೇ ತಂದುಬಿಟ್ಟಿದ್ದ. ಯುರೋಪಿನಲ್ಲಿ ಇಂಥದ್ದು ಇರಲಿಲ್ಲ ಮಾರಾಯ ಎಂದು ಸರ್ ಎಷ್ಟು ಹೇಳಿದರೂ ಕೇಳಿರಲಿಲ್ಲ. ಪಾರುಪತ್ಯಗಾರ ಯಾರೆಂದರೆ, ಕಲ್ಲು ಮುರಿದು ಈಗ ತಲೆ ಕೆರೆಯುತ್ತ ನಿಂತಿರುವ ರೂಪೇಶ.

"ಸರ್, ನಮ್ಮನೇಲಿ ಖರೇ ಕಲ್ಲೇ ಅದೆ," ಎಂದಳು ಅಂಕಿತಾ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳಿಗೆ ಅದೇ ಬೇಕಿತ್ತು. ಹರಕು ಸೀರೆ ಉಟ್ಟು ಅಳುವ ಪಾರ್ಟು ಸಿಕ್ಕಿದ್ದಕ್ಕೆ ಅವಳಿಗೆ ಒಳಗೊಳಗೇ ಬೇಜಾರಿತ್ತು. ಕಲ್ಲಾದರೂ ತನ್ನ ಮನೆಯದ್ದಾದರೆ ನಾಟಕದಲ್ಲಿ ತನಗೂ ಸ್ವಲ್ಪ ಬೆಲೆ ಬಂದೀತು ಎಂದುಕೊಂಡಳು. ಸರ್ ಮುಖವಂತೂ ಅರಳಿಹೋಯಿತು.

ಮನೆಯಲ್ಲಿ ಮಿಕ್ಸಿ ಇದೆ. ಆದರೂ ಅಂಕಿತಾಳ ಅಜ್ಜಿ ಲಕ್ಕಿ ಅಕ್ಕಿಹಿಟ್ಟನ್ನು ಬೀಸುಕಲ್ಲಿನಲ್ಲೇ ಬೀಸುತ್ತಾಳೆ. ಕೂರುವ ಮೊದಲು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಆ ಕಲ್ಲು ಬೇಕೆಂದು ಅಂಕಿತಾ ಕೇಳಿದಳು. ಅಜ್ಜಿ ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸುತ್ತ ಕೂತಳು.

"ಕೊಡ್ತೆ," ಎಂದಳು ಕೊನೆಗೆ. "ಯಾರದ್ದೂ ಕಾಲು ಒಂದು ತಾಗುಕಾಗ."

"ಆತು ಅಜ್ಜಿ," ಎಂದಳು ಅಂಕಿತಾ. ಆಮೇಲೆ ಅವಳಿಗೆ ಶಿಶಿರನ ಕಾಲು ನೆನಪಾಯಿತು.

ಅಷ್ಟರಲ್ಲಿ ಅಜ್ಜಿ ಕಲ್ಲಿನ ಕತೆ ಹೇಳಲು ಶುರುಮಾಡಿದ್ದಳು. ಅವಳು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಬೀಸುಕಲ್ಲೇ ಇರಲಿಲ್ಲವಂತೆ. ಗದ್ದೆ ಒಡೆಯರದ್ದು, ಬೀಸುವುದಕ್ಕೂ ಒಡೆಯರ ಮನೆಗೇ ಹೋಗಬೇಕಿತ್ತು. ಮೊದಲು ಅವರ ಮನೆಯದ್ದೆಲ್ಲ ಬೀಸಬೇಕು, ಆಮೇಲೆ ತಮ್ಮದು. ಮನೆಗೆ ಬರುವಷ್ಟರಲ್ಲಿ ಮಕ್ಕಳು ಹಸಿದು ಮಲಗಿರುತ್ತಿದ್ದವು. ಅಜ್ಜಿ ಹಿತ್ತಲಲ್ಲಿ ಹರಿವೆ ಸೊಪ್ಪು ಬೆಳೆದು ಮಾರಿ, ಕುಮಟೆ ಸಂತೆಯಲ್ಲಿ ಈ ಕಲ್ಲು ಕೊಂಡಳು. ಒಂದು ಸಂತೆಗೆ ಕೆಳಗಿನ ಕಲ್ಲು, ಮುಂದಿನ ಸಂತೆಗೆ ಮೇಲಿನ ಕಲ್ಲು. ಎರಡನ್ನೂ ತಲೆ ಮೇಲೆ ಹೊತ್ತು ನಡೆದೇ ಬಂದಳು. ಆಮೇಲೆ ಬೀಸುವುದಕ್ಕೆಂದು ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಈ ಕತೆ ಕೇಳಿದ ಮೇಲಂತೂ ಅಂಕಿತಾ ಇಕ್ಕಟ್ಟಿಗೆ ಸಿಕ್ಕಿಬಿದ್ದಳು. ಕಾಲಿಡುವ ವಿಷಯ ಹೇಳಿದರೆ ಅಜ್ಜಿ ಕಲ್ಲು ಕೊಡುವುದಿಲ್ಲ. ಹೇಳದಿದ್ದರೆ ಅಜ್ಜಿಯ ಕಣ್ಣೆದುರೇ ಶಿಶಿರ ಅದರ ಮೇಲೆ ಕಾಲಿಡುತ್ತಾನೆ.

ಮರುದಿನ ಅವಳು ಸ್ಟಾಫ್ ರೂಮಿಗೆ ಹೋಗಿ, ಒಡೆಯ ಕಲ್ಲಿನ ಮೇಲೆ ಕಾಲಿಡದಿದ್ದರೆ ಆಗುವುದಿಲ್ಲವೇ ಎಂದು ಸರ್ ಹತ್ತಿರ ಕೇಳಿದಳು. ಸರ್ ಸಿಟ್ಟಾಗಲಿಲ್ಲ. ಬೀಸುಕಲ್ಲು ಕಿತ್ತುಕೊಂಡು ನೆಲಕ್ಕೆ ಹಾಸಿದ್ದು ನಿಜವಾಗಿಯೂ ನಡೆದದ್ದು, ನೋಡುವವರಿಗೆ ಬೇಸರವಾಗುತ್ತದೆಂದು ಅದನ್ನು ಸಿಹಿ ಮಾಡಲಿಕ್ಕಾಗುವುದಿಲ್ಲ ಎಂದರು. ಅವರ ಮಾತೂ ಸರಿಯೇ. ಅಂಕಿತಾಳಿಗೆ ಇನ್ನಷ್ಟು ಕಷ್ಟವಾದದ್ದು ಅದಕ್ಕೇ.

ಉಳಿದದ್ದು ಒಂದೇ ಆಸೆ, ಅಜ್ಜಿ ಸ್ಕೂಲ್ ಡೇಗೆ ಬರದಿರಲಿ ಎಂಬುದು. ಆದರೆ ಶನಿವಾರ ಬೆಳಿಗ್ಗೆ ಕಲ್ಲಿನ ಜೊತೆ ಅಜ್ಜಿಯೂ ಆಟೋ ಹತ್ತಿದಳು. ಹೊಸ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ಬಂದು, ಮೊದಲ ಸಾಲಿನಲ್ಲೇ ಕೂತಳು. ಕಲ್ಲು ಎಲ್ಲಿಯೋ ತಾನೂ ಅಲ್ಲಿಯೇ ಎಂಬ ಹಾಗೆ.

ನಾಟಕ ಶುರುವಾಯಿತು. ಅಂಕಿತಾ ಸ್ಟೇಜಿನ ನಡುವೆ ಕೂತು ಬೀಸಿದಳು. ಖರೇ ಕಲ್ಲು, ಖರೇ ಅಕ್ಕಿ, ಗರಗರ ಸದ್ದು ಹಿಂದಿನ ಸಾಲಿನವರೆಗೂ ಕೇಳಿತು. ಪಾರುಪತ್ಯಗಾರ ರೂಪೇಶ ಮೀಸೆ ತಿರುವುತ್ತ ಬಂದು, ಸಿಕ್ಕಿಬಿದ್ದೆ ಎಂದು ಕಲ್ಲಿಗೆ ಕೈ ಹಾಕಿದ. ಕಲ್ಲು ಅಲ್ಲಾಡಲಿಲ್ಲ. ಇನ್ನೊಂದು ಸಲ ಮುಕ್ಕಿರಿದು ಎತ್ತಲು ನೋಡಿದ. ಅವನ ಮೀಸೆ ಉದುರಿತೇ ಹೊರತು ಕಲ್ಲು ಏಳಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಅಜ್ಜಿಯೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಆಗ ಕಿರೀಟ ಹೊತ್ತ ಒಡೆಯ ಬಂದ. ಹೇಳಬೇಕಾದ ಮಾತು ಹೇಳಿ, ಕಾಲೆತ್ತಿದ.

ಅಂಕಿತಾ ಅಜ್ಜಿಯ ಕಡೆ ನೋಡಿದಳು. ಅಜ್ಜಿಯ ನಗು ನಿಂತುಹೋಗಿತ್ತು. ಮುಂದೇನು ಮಾಡಬೇಕೆಂದು ಅಂಕಿತಾ ಯೋಚಿಸಲೇ ಇಲ್ಲ, ಎರಡೂ ಕೈಗಳನ್ನು ಅಗಲಿಸಿ ಕಲ್ಲಿನ ಮೇಲೆ ಇಟ್ಟುಬಿಟ್ಟಳು.

ಶಿಶಿರನ ಕಾಲು ಗಾಳಿಯಲ್ಲೇ ಉಳಿಯಿತು. ಕೈ ತೆಗಿ ಎಂದು ಅವನು ಪಿಸುಗುಟ್ಟಿದ. ಅವಳು ತೆಗೆಯಲಿಲ್ಲ. ಪರದೆಯ ಹಿಂದಿನಿಂದ ಸರ್ ಕೂಡ ಏನೋ ಹೇಳುತ್ತಿದ್ದರು, ಅದು ಕಿವಿಗೆ ಬೀಳಲಿಲ್ಲ.

ಶಿಶಿರ ಎಷ್ಟೆಂದರೂ ಕರ್ಕಿಯ ಹುಡುಗ. ಯಕ್ಷಗಾನದಲ್ಲಿ ಎದುರಿನ ವೇಷಧಾರಿ ಹೊಸ ಮಾತು ತೆಗೆದರೆ ನಿಂತಲ್ಲೇ ಉತ್ತರ ಕಟ್ಟಬೇಕು, ತಡವರಿಸಿದರೆ ಮರ್ಯಾದೆ ಹೋದಂತೆ. ಅದನ್ನು ಅವನು ಚಿಕ್ಕಂದಿನಿಂದ ನೋಡಿದವನು. ಮೆಲ್ಲನೆ ಕಾಲಿಳಿಸಿ, ಕಿರೀಟ ಸರಿಮಾಡಿಕೊಂಡು, ದನಿ ಏರಿಸಿದ.

"ಎಲೆ ಹೆಣ್ಣೇ, ಒಡೆಯನ ಪಾದಕ್ಕೆ ಅಡ್ಡ ಬರುವೆಯಾ? ಈ ಕಲ್ಲು ಯಾರದ್ದು?"

"ನಮ್ದು," ಎಂದಳು ಅಂಕಿತಾ.

"ಈ ನೆಲವೇ ನನ್ನದು. ನೆಲದ ಮೇಲಿನ ಕಲ್ಲು ನಿನ್ನದು ಹೇಗಾದೀತು?"

"ಇದು ನೆಲದ ಮೇಲೆ ಬಿದ್ದಿದ್ದ ಕಲ್ಲಲ್ಲ. ನಮ್ಮಜ್ಜಿ ತಲೆ ಮೇಲೆ ಹೊತ್ತು ತಂದದ್ದು. ಒಂದು ಸಂತೆಗೆ ಕೆಳಗಿಂದು, ಮುಂದಿನ ಸಂತೆಗೆ ಮೇಲಿಂದು. ಕುಮಟೆಯಿಂದ."

ಯುರೋಪಿನಲ್ಲಿ ಕುಮಟೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಸರ್ ಮಾತ್ರ ಪರದೆಯ ಹಿಂದೆ ಹಣೆ ಹಿಡಿದುಕೊಂಡರು.

"ನನ್ನ ಗಿರಣಿ ಇರುವಾಗ ನಿನಗೆ ಬೇರೆ ಕಲ್ಲು ಯಾತಕ್ಕೆ?"

"ನಿಮ್ಮಲ್ಲಿ ಬೀಸುಕೆ ಬಂದ್ರೆ ಮೊದ್ಲು ನಿಮ್ದು ಬೀಸ್ಬೇಕು. ನಮ್ದು ಬೀಸಿ ಮನೆಗೆ ಹೋಗುದ್ರೊಳಗೆ ಮಕ್ಕಳು ಹಸಿದು ಮಲಗಿರ್ತಾವೆ," ಎಂದಳು ಅಂಕಿತಾ. ಅಳಬೇಕಾದ ಜಾಗ ಇದೇ ಆಗಿತ್ತು, ಆದರೆ ಅಳು ಬರಲಿಲ್ಲ. "ಬೇಕಾದ್ರೆ ಕಲ್ಲು ತಕಂಡು ಹೋಗಿ. ಕಾಲಿಡುಕೆ ಮಾತ್ರ ಬಿಡುದಿಲ್ಲ."

ಒಡೆಯ ಕಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ನಾಳೆ ಬಂದು ಒಯ್ಯುತ್ತೇನೆ," ಎಂದು ಗುಡುಗಿ, ಗಿರ್ರನೆ ತಿರುಗಿ ಹೊರಟೇಹೋದ. ಪರದೆ ಎಳೆಯುವ ಹುಡುಗನಿಗೆ ಇದೇ ಕೊನೆ ಅನಿಸಿರಬೇಕು, ಎಳೆದುಬಿಟ್ಟ. ಚಪ್ಪಾಳೆ ಬಿದ್ದದ್ದೇ ಬಿದ್ದದ್ದು.

ವಿಘ್ನೇಶ್ವರ ಸರ್ ಸ್ಟೇಜಿಗೆ ಬಂದರು. ಅಂಕಿತಾ ತಲೆ ತಗ್ಗಿಸಿ ಬೈಗುಳಕ್ಕೆ ಕಾಯುತ್ತ ನಿಂತಳು. ಸರ್ ಬೈಯಲಿಲ್ಲ. ಅಜ್ಜಿಯ ಹೆಸರೇನು ಎಂದು ಕೇಳಿದರು. ಆಮೇಲೆ ಚಪ್ಪಲಿ ಕಳಚಿ ದೂರ ಇಟ್ಟು, ರೂಪೇಶನನ್ನು ಕರೆದು, ಇಬ್ಬರೂ ಸೇರಿ ಕಲ್ಲು ಎತ್ತಿ ಆಟೋದವರೆಗೆ ತಂದುಕೊಟ್ಟರು. ಆ ಕಲ್ಲಿನ ಹಿಂದೆ ನಡೆಯುವಾಗ ಅಂಕಿತಾಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮೈಮೇಲಿನ ಹರಕು ಸೀರೆಯನ್ನು ಬದಲಿಸುವುದೇ ಮರೆತುಹೋಯಿತು.

ಆಟೋದಲ್ಲಿ ಅಜ್ಜಿ ಕೇಳಿದಳು, "ಖರೇ ಕತೆಲಿ ಎಂತ ಆಗ್ತದೆ?"

ಅಂಕಿತಾ ಎಲ್ಲವನ್ನೂ ಹೇಳಿದಳು. ಒಡೆಯ ಕಾಲಿಡುವುದು, ಕಲ್ಲನ್ನು ಅಂಗಳಕ್ಕೆ ಹಾಸುವುದು, ಹೆಂಗಸು ಅಳುವುದು, ಎಲ್ಲ. ಕಲ್ಲು ಕೇಳುವಾಗಲೇ ತನಗೆ ಇದೆಲ್ಲ ಗೊತ್ತಿತ್ತು ಎಂಬುದನ್ನೂ ಹೇಳಿದಳು.

ಅಜ್ಜಿ ಅವಳನ್ನೊಮ್ಮೆ ದಿಟ್ಟಿಸಿದಳು. ಗದರಲಿಲ್ಲ. ಕಲ್ಲು ಜಾರದಂತೆ ಕೆಳಗಿನ ಗೋಣಿಚೀಲ ಸರಿಮಾಡಿದಳು.

"ಆ ಹೆಂಗಸು ಮತ್ತೊಂದು ಕಲ್ಲು ತಂದಿರ್ತದೆ ಬಿಡು," ಎಂದಳು.

"ಹಂಗೆಂತ ಪುಸ್ತಕದಲ್ಲಿ ಬರ್ದಿಲ್ಲ ಅಜ್ಜಿ."

"ಬರ್ದವ್ರು ಅವಳ ಮನೆಗೆ ಹೋಗಿ ನೋಡಿದ್ರಾ? ಮಕ್ಕಳಿಗೆ ಹಿಟ್ಟು ಬೇಕಲ."

ಆಟೋ ಹೈವೇ ಬಿಟ್ಟು ಗದ್ದೆಬಯಲಿನ ರಸ್ತೆಗೆ ಇಳಿಯಿತು. ಅಂಕಿತಾ ಆ ಹೆಂಗಸಿನ ಬಗ್ಗೆಯೇ ಯೋಚಿಸುತ್ತ ಕೂತಳು. ಇಷ್ಟು ದಿನ ಅವಳ ಪಾರ್ಟಿಗಾಗಿ ಕನ್ನಡಿ ಎದುರು ನಿಂತು ಅಳುವುದನ್ನು ಪ್ರಾಕ್ಟೀಸ್ ಮಾಡಿದ್ದಳು. ಆ ಹೆಂಗಸು ಅಷ್ಟೆಲ್ಲ ಅತ್ತಿರಲಿಕ್ಕಿಲ್ಲ ಎಂದು ಈಗ ಅನಿಸಿತು. ಮುಂದಿನ ಸಂತೆ ಯಾವಾಗ ಎಂದು ಲೆಕ್ಕ ಹಾಕುತ್ತಿದ್ದಳೇನೋ.