ನಾಡಿಪಟ

ನಾಡಿಪಟದ ಹಸಿರು ಗೆರೆ ಬೆಳಿಗ್ಗೆ ಹತ್ತಕ್ಕೇ ಹಳದಿಗೆ ತಿರುಗಿ, ಹನ್ನೊಂದರ ಹೊತ್ತಿಗೆ ಕೆಂಪಾಗಿ ತೊಂಬತ್ತಾರರ ಮೇಲೆ ನಿಂತುಬಿಟ್ಟಿತು.

ಎರಡು ಸಾವಿರದ ಅರವತ್ತರ ಸುಮಾರಿಗೆ ಗದಗಿನ ಆ ರಕ್ತಶೋಧನಾ ಕೇಂದ್ರದ ನಲವತ್ತು ಹಾಸಿಗೆಗಳನ್ನೂ ಒಂದೇ ಗಣಕಯಂತ್ರ ನಡೆಸುತ್ತಿತ್ತು. ಯಾರ ರಕ್ತವನ್ನು ಎಷ್ಟು ವೇಗದಲ್ಲಿ ಸೋಸಬೇಕು, ಮೈಯಿಂದ ಎಷ್ಟು ನೀರು ತೆಗೆಯಬೇಕು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವುದು ಅದೇ. ಆ ಯಂತ್ರದ ಯೋಗಕ್ಷೇಮ ನೋಡುವ ತಂತ್ರಾಂಶವೇ ನಾಡಿಪಟ. ಯಂತ್ರದ ಮೇಲೆ ನೂರಕ್ಕೆ ಎಷ್ಟು ಹೊರೆಯಿದೆ, ಸ್ಮೃತಿಕೋಶ ಎಷ್ಟು ತುಂಬಿದೆ, ಒಡಲು ಎಷ್ಟು ಕಾದಿದೆ, ಎಲ್ಲವನ್ನೂ ಅದು ತೋರಿಸುತ್ತಿತ್ತು. ಅದನ್ನು ಬರೆದ ವಿಜ್ಞಾನಿ ಮೇದಿನಿ, ಮುಚ್ಚುಮರೆ ಯಾಕೆಂದು ರೋಗಿಗಳ ಮೊಬೈಲಿಗೂ, ಅವರ ನೆಂಟರಿಷ್ಟರ ಮೊಬೈಲಿಗೂ ಕೊಟ್ಟಿದ್ದಳು.

"ತೊಂಬತ್ತಾರ ಆತು ನೋಡಲೇ," ಎಂದ ಮೂವತ್ತೇಳನೆಯ ಹಾಸಿಗೆಯ ಫಕೀರಪ್ಪ. "ಎಸ್ಸೆಸ್ಸೆಲ್ಸಿಯೊಳಗ ನನಗ ಇಷ್ಟ ಬಂದಿದ್ರ ನಿನ್ನ ಲಗ್ನ ಆಗ್ತಿದ್ನೇನು?"

"ಬಾಯಿ ಮುಚ್ಚಿ ಮಲಕೋರಿ," ಎಂದಳು ಅವನ ಹೆಂಡತಿ ದುಂಡವ್ವ. ಅವಳು ಅದೇ ಕೇಂದ್ರದ ಆಯಾ. ಅವಳಿಗೆ ನಗು ಬರಲಿಲ್ಲ. ಯಂತ್ರದ ಹೊರೆ ಇಳಿಸಲು ಮೂವತ್ತರ ಮೇಲಿನ ಹಾಸಿಗೆಗಳನ್ನು ನಾಳೆಯಿಂದ ನಿಲ್ಲಿಸುತ್ತಾರೆಂಬ ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿತ್ತು. ಫಕೀರಪ್ಪನಿಗೆ ವಾರಕ್ಕೆ ಮೂರು ಸಲ ರಕ್ತ ಸೋಸಲೇಬೇಕು. ಬೇರೆ ಊರಿನಲ್ಲಿ ಪಾಳಿ ಸಿಗಲು ಎರಡು ತಿಂಗಳು ಕಾಯಬೇಕು. ಅಷ್ಟು ದಿನ ಅವನು ಉಳಿಯುವವನಲ್ಲ.

ಕಸಬರಿಗೆ ಹಿಡಿದುಕೊಂಡೇ ಅವಳು ಯಂತ್ರದ ಕೋಣೆಗೆ ಹೋದಳು. ಮೇದಿನಿ ಅಂಕಿಗಳ ಮುಂದೆ ಹಣೆ ಹಿಡಿದು ಕೂತಿದ್ದಳು.

"ಅಕ್ಕಾರ, ಅದಕ್ಕ ಏನಾಗೇತ್ರಿ?"

"ಗೊತ್ತಾಗ್ತಿಲ್ಲ ದುಂಡವ್ವ. ನಲವತ್ತು ಹಾಸಿಗೆಯ ಕೆಲಸ ಕೂಡಿದರೆ ಮೂವತ್ತೈದಾಗುತ್ತೆ. ಹೊರೆ ಮಾತ್ರ ತೊಂಬತ್ತಾರು. ಉಳಿದದ್ದನ್ನು ಯಾರು ತಿಂತಿದ್ದಾರೋ! ವಯಸ್ಸಾಯಿತೇನೋ ಯಂತ್ರಕ್ಕೆ."

"ಅದನ್ನ ಎಷ್ಟು ಮಂದಿ ನೋಡಾಕತ್ತಾರ್ರಿ?"

"ನಾಡಿಪಟದಲ್ಲಾ? ಹನ್ನೊಂದು ಸಾವಿರ ಜನ."

"ಎವ್ವಾ!" ದುಂಡವ್ವ ಕಸಬರಿಗೆ ಗೋಡೆಗೆ ಆನಿಸಿದಳು. "ನಮ್ಮವರಿಗೆ ಆಪರೇಶನ್ ಆದಾಗ ದಿನಾ ನಲವತ್ತು ಮಂದಿ ಮಾತಾಡಿಸಾಕ ಬರ್ತಿದ್ರು. ಬಂದವರಿಗೆಲ್ಲ ಎದ್ದು ಕೂಡಬೇಕು, ಮೊದಲಿಂದ ಕಥಿ ಹೇಳಬೇಕು, ಹೊಲಿಗಿ ತೋರಿಸಬೇಕು. ಜ್ವರ ಏರಿತು. ಜ್ವರ ಅಂದಕೂಡ್ಲೆ ಮತ್ತ ಇಪ್ಪತ್ತು ಮಂದಿ ಬಂದ್ರು! ಕಡೀಕ ನಾನ ಹೊಸ್ತಿಲದಾಗ ಕುಂತು, 'ಮಲಗ್ಯಾರ, ಆರಾಮದಾರ, ಹೋಗ್ರಿ' ಅಂದೆ. ಮೂರ ದಿನಕ್ಕ ಜ್ವರ ಬಿಡ್ತು."

ಮೇದಿನಿ ನಗಲು ಹೋದವಳು ತಟ್ಟನೆ ಅಂಕಿಗಳ ಕಡೆ ತಿರುಗಿದಳು. ಯಾರಾದರೂ ನಾಡಿಪಟ ತೆರೆದರೆ ಯಂತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ತನ್ನ ಮೈಯೆಲ್ಲ ಅಳೆದುಕೊಂಡು ವರದಿ ಒಪ್ಪಿಸಬೇಕು. ಹೊರೆ ಹೆಚ್ಚಿದಷ್ಟೂ ಜನ ಗಾಬರಿಯಿಂದ ಮತ್ತೆ ಮತ್ತೆ ತೆರೆಯುತ್ತಾರೆ. ನಾಡಿಪಟ ಯಾರ್ಯಾರ ಪಾಲು ಎಷ್ಟೆಂದು ಪಟ್ಟಿ ಮಾಡುತ್ತಿತ್ತು, ನಿಜ. ಆ ಪಟ್ಟಿಯಲ್ಲಿ ತನ್ನ ಹೆಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗೆ ಬರೆದವಳು ಅವಳೇ.

ಮೊಬೈಲುಗಳಿಗೆ ಹೋಗುವ ದಾರಿಯನ್ನೆಲ್ಲ ಮುಚ್ಚಿದಳು. ಹೊರೆ ಮೂವತ್ತೇಳಕ್ಕೆ ಇಳಿಯಿತು. ಹಾಸಿಗೆಗಳು ನಲವತ್ತಕ್ಕೆ ನಲವತ್ತೂ ಉಳಿದವು.

ಆದರೆ ಮರುದಿನ ಗೇಟಿನ ಮುಂದೆ ಜಾತ್ರೆಯಂಥ ಜನ. ಮೊಬೈಲಿನಲ್ಲಿ ಗೆರೆ ಕಾಣದೆ, ಯಂತ್ರ ತೀರಿಹೋಯಿತೆಂದೇ ತಿಳಿದು ಬಂದಿದ್ದರು. ದುಂಡವ್ವ ಮೆಟ್ಟಿಲ ಮೇಲೆ ನಿಂತು, "ಆರಾಮೈತಿ, ಹೋಗ್ರಿ," ಎಂದಳು. ಜನ ಚದುರಿದರು. ಅಧಿಕಾರಿಗಳು ಇದನ್ನು ಕಂಡು, ದಿನಕ್ಕೆರಡು ಸಲ ಹಾಗೆ ಹೇಳುವುದನ್ನೇ ಅವಳ ಕೆಲಸ ಮಾಡಿದರು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೇದಿನಿ ಮೆಟ್ಟಿಲ ಬಳಿ ಬಂದಳು.

"ಹೇಗಿದೆ ದುಂಡವ್ವ?"

"ನಿಮ್ಮ ಹತ್ರ ಅಂಕಿ ಅದಾವಲ್ರೀ ಅಕ್ಕಾರ?"

"ಇವೆ. ಒಂದು ಸಲ ತೆರೆದರೆ ಆಮೇಲೆ ಮುಚ್ಚೋಕಾಗಲ್ಲ, ಸಂಜೆವರೆಗೂ ನೋಡ್ತಾನೇ ಇರ್ತೀನಿ. ನೀವೇ ಹೇಳಿಬಿಡಿ."

ದುಂಡವ್ವ ಅಂದು ಯಂತ್ರದ ಕೋಣೆಯ ಕಡೆಗೇ ಹೋಗಿರಲಿಲ್ಲ. ಕಳೆದ ವಾರವೂ ಹೋದ ನೆನಪಿಲ್ಲ. ಮೇದಿನಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಆರಾಮೈತ್ರಿ," ಎಂದಳು. "ನೀವು ಮನೀಗೆ ಹೋಗಿ ಒಂದೀಟು ಮಲಕೋರಿ."