ಉಪ್ಪು ನೋಡುವ ಕೈ

"ಮೊಯ್ದಿನಾಕ, ನಾನು ತೆಗೆದ ಫೋಟೋ ಸಂಘದ ಹಾಲ್‌ನ ಗೋಡೆಯಲ್ಲಿ ಉಂಟು. ಆದ್ರೆ ಅಲ್ಲಿ ಹಾಕಿದ್ದು ನಾನಲ್ಲ."

ಆ ಶುಕ್ರವಾರ ಫೈಝಲ್ ಹೀಗೆ ಹೇಳಿಕೊಂಡು ಬಂದಾಗ ಮೊಯ್ದಿನ್ ಕುಂಞಿ ತಮ್ಮ ಅಂಗಡಿಯಲ್ಲಿ ಕೊಳೆತ ಈರುಳ್ಳಿ ಆರಿಸುತ್ತಿದ್ದರು. ಕೊಲ್ಲಿ ನಾಡಿನ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡದ ಕೆಳಗಿದ್ದ ಆ ಪುಟ್ಟ ಅಂಗಡಿಗೆ ಕಳೆದುಹೋದ ಪಾಸ್‌ಪೋರ್ಟಿನಿಂದ ಹಿಡಿದು ಮುರಿದುಬಿದ್ದ ಮದುವೆ ಮಾತುಕತೆಯವರೆಗೆ ಊರಿನವರ ಎಲ್ಲ ತಕರಾರುಗಳೂ ಬರುತ್ತಿದ್ದವು. ಮೇಲಿನ ಮಹಡಿಯ ಟೈಪಿಸ್ಟ್ ಯೂಸ್ಟೇಸ್ ರಜೆಯ ದಿನ ಅಲ್ಲೇ ಅಕ್ಕಿ ಚೀಲದ ಮೇಲೆ ಕೂತಿರುತ್ತಿದ್ದ. ಅವರು ಗಂಟು ಬಿಡಿಸುವುದನ್ನು ನೋಡುವುದೇ ಅವನಿಗೆ ಸಿನಿಮಾ.

ಫೈಝಲ್‌ಗೆ ಅಡುಗೆಯವರ ಫೋಟೋ ತೆಗೆಯುವ ಹುಚ್ಚು. ಹಾಡುವವನದು ಕಲೆಯಾದರೆ ಒಗ್ಗರಣೆ ಹಾಕುವವನದೂ ಕಲೆಯೇ ಎಂದು ಅವನ ವಾದ. ಮೆಸ್ಸಿನ ಅಡುಗೆಯವ ತನಿಯ ತಾನು ಮಾಡಿದ ಹಮೂರ್ ಮೀನಿನ ಗಸಿಯ ರುಚಿ ನೋಡುವ ಗಳಿಗೆಯನ್ನು ಅವನು ಹಿಡಿದಿದ್ದ. ಒಣಗಲು ತೂಗಿಸಿದ್ದ ಆ ನೆಗೆಟಿವ್ ಎರಡು ವಾರದ ಹಿಂದೆ ಅವನ ಕೋಣೆಯಿಂದ ಮಾಯವಾಗಿತ್ತು. ಆ ದಿನ ಬಂದಿದ್ದವರು ಹೋಟೆಲ್ ಅಡುಗೆಯ ಸಿರಿಲ್, ಕೋಣೆಯ ಗೆಳೆಯರಿಗೆಲ್ಲ ಅಡುಗೆ ಮಾಡಿಹಾಕುವ ಸವಾದ್, ಊರಿನವರ ಸಂಘದ ಕಾರ್ಯದರ್ಶಿ ಜಯಕರ. ಮೂವರಿಗೂ ಫೋಟೋ ತೊಳೆದು ಅಚ್ಚು ಹಾಕುವ ಕೆಲಸ ಚೆನ್ನಾಗಿ ಗೊತ್ತು. ಈಗ ಸಂಘದ ಸ್ಪರ್ಧೆಯಲ್ಲಿ ಅದೇ ಚಿತ್ರ. ಚಿತ್ರದ ಕೆಳಗೆ ಸಂಖ್ಯೆ ಮಾತ್ರ, ಹೆಸರು ಮುಚ್ಚಿದ ಲಕೋಟೆಯೊಳಗೆ.

"ಸಂಜೆ ಲಕೋಟೆ ಒಡೆದರೆ ಖಲಾಸ್. ಆಮೇಲೆ ನಾನು ಬಾಯಿ ಬಿಟ್ಟರೆ ಹೊಟ್ಟೆಕಿಚ್ಚು ಅಂತಾರೆ."

"ಯಲ್ಲಾ, ಒಡೆಯುವ ಮೊದಲೇ ಹೊರಡುವಾ," ಎಂದು ಮೊಯ್ದಿನ್ ಕುಂಞಿ ಕೈ ಕೊಡವಿ ಎದ್ದರು.

ಹಾಲ್‌ನಲ್ಲಿ ಚಿತ್ರ ನಿಜಕ್ಕೂ ಎದ್ದು ಕಾಣುತ್ತಿತ್ತು. ಹಬೆಯ ನಡುವೆ ಬೆವರಿದ ತನಿಯ, ಎಡಗೈಯಲ್ಲಿ ಸೌಟು, ತುಟಿಯ ಹತ್ತಿರ ಬಲ ಅಂಗೈ, ಬಲ ಎದೆಯ ಮೇಲೆ ಅಂಗಿಯ ಜೇಬು. ನನ್ನದೇ ಚಿತ್ರ, ಆದರೂ ಏನೋ ಹೆಚ್ಚುಕಮ್ಮಿಯಾಗಿದೆ ಎಂದು ಫೈಝಲ್ ಗೊಣಗಿದ. ಮೊಯ್ದಿನ್ ಕುಂಞಿ ಜೇಬನ್ನೇ ನೋಡುತ್ತ ನಿಂತರು.

ಜಯಕರ ನಗುತ್ತ ಬಂದ. ಬೆವರಿದ ಅಡುಗೆಯವನ ಚಿತ್ರ ಬೇಡವೆಂದು ಸಮಿತಿಯಲ್ಲಿ ತಾನು ಮೊದಲೇ ಹೇಳಿದ್ದೆನೆಂದ. "ಒಲೆ ಅಂದ್ರೆ ನನಗೆ ಮೊದಲಿಂದಲೂ ಆಗದು. ಊರಲ್ಲಿ ಅಮ್ಮ, ಇಲ್ಲಿ ಹೆಂಡತಿ. ಚಾ ಕೂಡ ಮಾಡಿದವನಲ್ಲ ನಾನು." ಸಿರಿಲ್ ಮತ್ತು ಸವಾದ್ ಚಿತ್ರವನ್ನು ಮನಸಾರೆ ಹೊಗಳಿದರು. ಯೂಸ್ಟೇಸ್‌ಗೆ ಅವರಿಬ್ಬರ ಮೇಲೆಯೇ ಗುಮಾನಿ. ಅಡುಗೆಯನ್ನು ಮೆಚ್ಚುವವರು ತಾನೆ ಅಡುಗೆಯ ಚಿತ್ರ ಕದಿಯುವುದು?

ಸಂಜೆ ಆ ಚಿತ್ರಕ್ಕೇ ಬಹುಮಾನವೆಂದು ಸಾರಿ ಲಕೋಟೆಗೆ ಕೈ ಹಾಕಿದ ಸಂಘದ ಅಧ್ಯಕ್ಷರನ್ನು ಮೊಯ್ದಿನ್ ಕುಂಞಿ ತಡೆದರು. ತನಿಯ ಗಸಿಯ ಪಾತ್ರೆ ತಂದಿಟ್ಟ. "ಊಟಕ್ಕೆ ಮೊದಲು ಈ ಮೂವರು ಉಪ್ಪು ನೋಡಿ ಹೇಳಲಿ," ಎಂದರು ಮೊಯ್ದಿನ್ ಕುಂಞಿ.

ಸಿರಿಲ್ ಬಲಗೈಯಲ್ಲಿ ಸೌಟು ಹಿಡಿದು ಎಡ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿದ. ಸವಾದ್‌ನದೂ ಹಾಗೆಯೇ, ಯೋಚನೆಯೇ ಇಲ್ಲದೆ. ಜಯಕರ ಬಲಗೈಯಲ್ಲೇ ಸೌಟು ಎತ್ತಿದ, ಎಡ ಅಂಗೈಯನ್ನು ಒಂದು ಕ್ಷಣ ನೋಡಿದ, ಸೌಟನ್ನು ಎಡಗೈಗೆ ದಾಟಿಸಿ ಬಲ ಅಂಗೈಗೆ ಸುರಿದುಕೊಂಡ. ಅರ್ಧ ಗಸಿ ಅವನ ಬಿಳಿ ಅಂಗಿಯ ತೋಳಿಗೆ ಹೋಯಿತು.

"ಲಕೋಟೆಯಲ್ಲಿ ಇರುವುದು ಜಯಕರನ ಹೆಸರು," ಎಂದರು ಮೊಯ್ದಿನ್ ಕುಂಞಿ.

ಅವರು ಅವಸರವಿಲ್ಲದೆ ಬಿಡಿಸಿ ಹೇಳಿದರು. ಅಂಗಿಯ ಜೇಬು ಇರುವುದು ಎಡಕ್ಕೆ, ಚಿತ್ರದಲ್ಲಿ ಬಲಕ್ಕೆ ಬಂದಿದೆ. ಎಂದರೆ ನೆಗೆಟಿವ್ ಮಗುಚಿ ಅಚ್ಚು ಹಾಕಲಾಗಿದೆ. ನೆಗೆಟಿವ್‌ನ ಅಂಚಿನಲ್ಲಿ ಅಕ್ಷರಗಳಿರುತ್ತವೆ, ಮಗುಚಿದರೆ ಅವು ತಿರುಗಿ ಕಾಣುತ್ತವೆ; ಕೆಲಸ ಗೊತ್ತಿದ್ದವನಿಗೆ ಅದು ಕೈತಪ್ಪಿ ಆಗುವಂಥದ್ದಲ್ಲ, ಬೇಕೆಂದೇ ಮಗುಚಿದ್ದು. ಯಾಕೆ? ಎಡಗೈ ಬಾಯಿಗೆ ಹೋಗುವುದು ಮಗುಚಿದವನ ಕಣ್ಣಿಗೆ ತಪ್ಪಾಗಿ ಕಂಡಿತು. "ಒಲೆಯ ಮುಂದೆ ನಿಂತವನಿಗೆ ಗೊತ್ತು, ಬಲಗೈಯಲ್ಲಿ ಸೌಟು ಇರುವಾಗ ಉಪ್ಪು ನೋಡುವುದು ಎಡ ಅಂಗೈಯಲ್ಲೇ. ಸಿರಿಲ್, ಸವಾದ್ ಅದನ್ನು ತಿದ್ದಲಿಕ್ಕೆ ಹೋಗುವವರಲ್ಲ. ಬಡಿಸಿದ್ದನ್ನು ಮಾತ್ರ ಉಂಡವನು ತಿದ್ದಿದ."

ಅಧ್ಯಕ್ಷರು ಲಕೋಟೆ ಒಡೆದರು. ಜಯಕರನ ಹೆಸರೇ ಇತ್ತು.

"ಅತಿಥಿಗಳ ಮುಂದೆ ಎಡಗೈ ನೆಕ್ಕುವ ಚಿತ್ರ ಇಡ್ಲಿಕ್ಕಾಗ್ತದಾ?" ಎಂದ ಜಯಕರ, ತೋಳು ಒರೆಸಿಕೊಳ್ಳುತ್ತ. "ನಾನು ಅದಕ್ಕೆ ಮರ್ಯಾದೆ ಕೊಟ್ಟೆ."

"ಬೇಡ ಬೇಡ ಅಂದವನ ಕಣ್ಣೇ ಮೊದಲು ಬಿದ್ದದ್ದು ನೋಡಿ," ಎಂದರು ಮೊಯ್ದಿನ್ ಕುಂಞಿ.

ಗದ್ದಲ ಬೇಡ, ಬಹುಮಾನ ಫೈಝಲ್‌ಗೆ ಕೊಡುವಾ, ಚಿತ್ರ ಹಾಗೆಯೇ ಇರಲಿ, ನೋಡಲಿಕ್ಕೂ ಅದೇ ಚಂದ ಎಂದರು ಅಧ್ಯಕ್ಷರು. ಯೂಸ್ಟೇಸ್ ಫೈಝಲ್‌ನ ಮುಖ ನೋಡಿದ. ಬೆಳಿಗ್ಗೆ ಅಳುವಂತಿದ್ದ ಹುಡುಗನ ದವಡೆ ಈಗ ಬಿಗಿದಿತ್ತು.

"ಬಹುಮಾನ ನೀವೇ ಇಟ್ಕೊಳ್ಳಿ. ಮಗುಚಿದ್ದನ್ನು ಇಳಿಸಿ, ನೆಗೆಟಿವ್ ಕೊಡಿ, ಸರಿಯಾದದ್ದು ನಾನೇ ಮಾಡಿ ತರ್ತೇನೆ. ಎಡಗೈ ಎಡಗೈಯಾಗಿಯೇ ಇರ್ತದೆ. ಕೆಳಗೆ ಮೊದಲು ತನಿಯನ ಹೆಸರು, ಆಮೇಲೆ ನನ್ನದು. ಇಲ್ಲಿ ಆಗದಿದ್ರೆ ಮೊಯ್ದಿನಾಕನ ಶಟರ್ ಮೇಲೆ ಹಾಕ್ತೇನೆ."

"ನನ್ನ ಶಟರ್ ಈ ಗೋಡೆಗಿಂತ ದೊಡ್ಡದುಂಟು," ಎಂದರು ಮೊಯ್ದಿನ್ ಕುಂಞಿ.

ಬದಿಯಲ್ಲಿ ನಿಂತಿದ್ದ ತನಿಯ ಪಾತ್ರೆಯ ಹತ್ತಿರ ಬಂದ. ಸೌಟು ಎತ್ತಿ ಎಡ ಅಂಗೈಗೆ ಒಂದು ಹನಿ ಬಿಟ್ಟುಕೊಂಡ. ಮುಂದಿನ ಸಾಲಿನ ಅತಿಥಿಗಳನ್ನು ನೇರ ನೋಡುತ್ತಲೇ ನಿಧಾನವಾಗಿ ನೆಕ್ಕಿದ.

"ಉಪ್ಪು ಸರಿ ಉಂಟು," ಎಂದ. "ಬೇಕಾದವರು ತಟ್ಟೆ ತನ್ನಿ."

ಮೊದಲು ಎದ್ದವನು ಯೂಸ್ಟೇಸ್.