ಹೊಳೆಯಬಾರದ ಹಿತ್ತಾಳೆ

ತಾರಿಣಿಯಮ್ಮನಿಗೆ ಕಾರು ಓಡಿಸಲು ಬಾರದು, ಪಕ್ಕದ ಮನೆ ರಾಜಿಗೆ ಬರುತ್ತದೆ. ಅವರ ಎಂಟು ವರ್ಷದ ಸ್ನೇಹಕ್ಕೆ ಅದೇ ಬುನಾದಿ. ವೆಸ್ಟ್ ವಿಂಡ್ಸರ್‌ನ ಕನ್ನಡದವರ ಮನೆಗಳಲ್ಲಿ ಏನು ಕಳೆದರೂ ಹುಡುಕಿಕೊಡುವವರು ಈ ನಿವೃತ್ತ ಕೆಮಿಸ್ಟ್ರಿ ಮೇಡಂ. ಹುಡುಕುವಲ್ಲಿಗೆ ಕರೆದೊಯ್ಯುವವಳು ರಾಜಿ.

ಅಕ್ಟೋಬರಿನ ಆ ಭಾನುವಾರ ಬೆಳಿಗ್ಗೆ ವಿಕ್ರಾಂತ್ ಏದುಸಿರು ಬಿಡುತ್ತ ಬಂದ.

"ಆಂಟಿ, ಅಣ್ಣನ ಸ್ನೈಡರ್ ಬಂದೂಕು ಕಾಣ್ತಿಲ್ವಂತೆ. ಅತ್ತಿಗೆ ನನ್ನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ. ಗುರುವಾರ ನನ್ನ ಗ್ರೀನ್ ಕಾರ್ಡ್ ಇಂಟರ್‌ವ್ಯೂ. ಗನ್ ಕದ್ದ ಅಂತ ಒಂದು ಮಾತು ಬಂದ್ರೆ ಸಾಕು, ಹನ್ನೊಂದು ವರ್ಷ ಕಾದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗತ್ತೆ!"

ವಿಕ್ರಾಂತನ ಅಣ್ಣ ಡಾಕ್ಟರ್ ಕೇಶವಮೂರ್ತಿ ಬ್ರಿಟಿಷ್ ಸೈನ್ಯದ ಹಳೆಯ ಬಂದೂಕುಗಳನ್ನು ಪ್ರಾಣದಂತೆ ಸಾಕಿದವರು. ಜೂನ್‌ನಲ್ಲಿ ತೀರಿಕೊಂಡಿದ್ದರು. ನಾಲ್ಕೂ ಬಂದೂಕುಗಳನ್ನು ಒಯ್ಯಲು ಮಾರನೆಯ ದಿನ ಒಬ್ಬ ಗಿರಾಕಿ ಬರುವವನಿದ್ದ.

"ಸ್ನೈಡರ್ ಒಂದನ್ನ ನನಗೆ ಬಿಡಿ ಅಂತ ಅತ್ತಿಗೇನ ಕೇಳಿದ್ದೆ. ಕೊಡಲ್ಲ ಅಂದಿದ್ರು. ಬಂದೂಕಿನ ಬೀರುವಿನ ಇನ್ನೊಂದು ಕೀಲಿ ಇರೋದು ನನ್ನ ಹತ್ರ. ಅಲ್ಲಿಗೆ ನಾನೇ ಕಳ್ಳ!"

ರಾಜಿ ಇಬ್ಬರನ್ನೂ ಡಾಕ್ಟರರ ಮನೆಗೆ ಕರೆದೊಯ್ದಳು. ಬಾಗಿಲು ತೆಗೆದ ವಿಕ್ರಾಂತನ ಅತ್ತಿಗೆ ರಮಾಮಣಿಯ ಕೈಯಲ್ಲಿ ಫೋನಿತ್ತು. "ಬನ್ನಿ. ಕಾಫಿ ಬೇಕಾ?" ಎಂದರು, ಏರಿಲ್ಲದ ಇಳಿತವಿಲ್ಲದ ದನಿಯಲ್ಲಿ. ಪಲ್ಯಕ್ಕೆ ಉಪ್ಪು ಕಮ್ಮಿಯಾದರೆ ಇಡೀ ಕನ್ನಡ ಕೂಟವನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದ ಹೆಂಗಸು! ಗಂಡ ಹೋದ ಮೇಲೆ ಅತ್ತಿರಲಿಲ್ಲ, ಯಾರನ್ನೂ ಬೈದೂ ಇರಲಿಲ್ಲ. ಮೈದುನನ ಮೇಲೆ ದೂರು ಕೊಡುತ್ತೇನೆಂದದ್ದನ್ನೂ ಹಾಲು ಮುಗಿದಿದೆ ಎನ್ನುವಂತೆ ಹೇಳುತ್ತಿದ್ದರು.

"ಅಮ್ಮ, ಜಸ್ಟ್ ಲೆಟ್ ಇಟ್ ಗೋ," ಎಂದ ಮೆಟ್ಟಿಲ ಮೇಲೆ ಕೂತಿದ್ದ ಮಗ ಋಷಿ. ಇಲ್ಲೇ ಹುಟ್ಟಿದವನು, ಇಪ್ಪತ್ತಮೂರು ವರ್ಷ. ಬಂದೂಕೆಂದರೆ ಆಗದು ಎಂದು ಅಪ್ಪನೊಡನೆ ವಾರಕ್ಕೊಮ್ಮೆ ಜಗಳವಾಡುತ್ತಿದ್ದವನು.

"ಬೀರುವಿನ ನಿಮ್ಮ ಕೀಲಿ ಎಲ್ಲಿರತ್ತೆ ರಮಾ?" ತಾರಿಣಿಯಮ್ಮ ಕೇಳಿದರು.

"ದೇವರ ಮನೇಲಿ, ಗಂಟೆ ಪಕ್ಕ."

ದೇವರ ಮನೆಯಲ್ಲಿ ಒಂದೇ ಒಂದು ದೀಪವಿತ್ತು. ನವರಾತ್ರಿ ಮುಗಿದು ವಾರವಷ್ಟೇ ಆಗಿದ್ದರೂ ಗೊಂಬೆ ಕೂರಿಸಿದ ಗುರುತಿರಲಿಲ್ಲ.

"ಮನೇಲಿ ಸಾವಾಗಿದೆಯಲ್ಲ, ಈ ವರ್ಷ ನಮಗೆ ಹಬ್ಬ ಇಲ್ಲ," ಎಂದರು ರಮಾಮಣಿ. "ಅವರಿದ್ದಾಗ ಆಯುಧಪೂಜೆಗೆ ಬಂದೂಕಿನ ಧೂಳು ಒರೆಸಿ, ಒಂದೊಂದು ಬೊಟ್ಟು ಕುಂಕುಮ ಇಡ್ತಿದ್ರು. ನಾನು ಕೆಳಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಇವತ್ತು ಹೋದೆ, ಮೂರೇ ಇತ್ತು."

ಎಲ್ಲರೂ ಬೇಸ್‌ಮೆಂಟಿಗೆ ಇಳಿದರು. ವೈಕುಂಠ ಸಮಾರಾಧನೆಗೆ ಹಾಸಿದ್ದ ದೊಡ್ಡ ಜಮಖಾನ ಸುರುಳಿಯಾಗಿ ಮೂಲೆಯಲ್ಲಿ ನಿಂತಿತ್ತು. ಬೀರುವಿನ ಗಾಜು ಸರಿಸಿದ ವಿಕ್ರಾಂತ್ ತಲೆಯ ಮೇಲೆ ಕೈ ಹೊತ್ತ.

"ಅಯ್ಯೋ! ಹಿತ್ತಾಳೇನ ಯಾವನು ಉಜ್ಜಿದ್ದು? ನೂರೈವತ್ತು ವರ್ಷದ ಕಪ್ಪು ಬಣ್ಣ! ಅದು ಹೋದ್ರೆ ಅರ್ಧ ಬೆಲೇನೂ ಇಲ್ಲ!"

ಬಂದೂಕುಗಳ ಹಿಂಬದಿಯ ಹಿತ್ತಾಳೆ ಪಟ್ಟಿಗಳು ಹಬ್ಬದ ತಂಬಿಗೆಗಳಂತೆ ಫಳಫಳ ಹೊಳೆಯುತ್ತಿದ್ದವು. ತಾರಿಣಿಯಮ್ಮ ಕನ್ನಡಕ ಮೇಲೆತ್ತಿ ಒಂದರ ತಿರುಪಿನ ಸಂದಿಯನ್ನು ಉಗುರಿನಿಂದ ಕೆರೆದರು, ಮೂಸಿದರು. ಮರದ ಮೇಲೆ ಬೆರಳಾಡಿಸಿದರು. ತುದಿಗೆ ಕೆಂಪು ಹತ್ತಿತು.

"ರಾಜಿ, ಕಾಲು ನೋಯ್ತಿದೆ. ಎಲ್ಲರೂ ಕೂತು ಮಾತಾಡೋಣ. ಋಷಿ, ಆ ಜಮಖಾನ ಹಾಸಪ್ಪ."

ಋಷಿ ಕದಲಲಿಲ್ಲ. ತಾನೇ ಹಾಸೋಣವೆಂದು ಹೊರಟ ರಾಜಿಯ ಕೈಯನ್ನು ತಾರಿಣಿಯಮ್ಮ ಹಿಡಿದುಕೊಂಡರು.

"ಕೇಳಿ. ಬೀಗ ಮುರಿದಿಲ್ಲ. ದೇವರ ಮನೆ ಕೀಲಿ ಮನೆಯವರಿಗೆಲ್ಲ ಸಿಗತ್ತೆ. ಇನ್ನು ಈ ಸಂದೀಲಿರೋದು ಹುಣಸೆಹಣ್ಣು. ಬಂದೂಕು ಗೊತ್ತಿರೋ ವಿಕ್ರಾಂತ್ ಸತ್ರೂ ಹುಣಸೆಹಣ್ಣು ಹಾಕಿ ತಿಕ್ಕಲ್ಲ. ಈಗ ನೋಡಿದ್ರಲ್ಲ ಅವನ ಗೋಳು. ಮರದ ಮೇಲಿರೋದು ಕುಂಕುಮ. ಕೇಶವಮೂರ್ತಿ ಇಟ್ಟಿದ್ದಲ್ಲ, ತಿಕ್ಕಿದ ರಸ ಮರದ ಮೇಲೆ ಇಳಿದಿದೆ, ಬೊಟ್ಟು ಅದರ ಮೇಲಿದೆ. ಶಾಸ್ತ್ರ ಗೊತ್ತಿರೋ ರಮಾ ಸಾವಿನ ವರ್ಷ ಪೂಜೆ ಮಾಡಲ್ಲ. ಅಂದ್ರೆ ಬಂದೂಕೂ ಗೊತ್ತಿಲ್ಲದ, ಶಾಸ್ತ್ರಾನೂ ಗೊತ್ತಿಲ್ಲದ ಒಬ್ಬರು ಮೂರ್ತಿ ಮಾಡ್ತಿದ್ದದ್ದನ್ನ ಹೇಗೋ ಮಾಡಿದ್ದಾರೆ. ಅಂಥವರು ಈ ಮನೇಲಿ ಒಬ್ಬರೇ."

ಋಷಿ ಮೂಲೆಗೆ ಹೋಗಿ ಜಮಖಾನದ ಸುರುಳಿ ಬಿಚ್ಚಿದ. ಒಳಗೆ ಸ್ನೈಡರ್ ಇತ್ತು. ಅದರ ಗುಂಡು ಹಾರಿಸುವ ಕುದುರೆಗೆ ಒಣಗಿದ ಸೇವಂತಿಗೆಯೊಂದು ಸಿಕ್ಕಿಕೊಂಡಿತ್ತು.

"ಅಪ್ಪ ಡಿಡ್ ಇಟ್ ಎವ್ರಿ ಇಯರ್," ಎಂದ. "ಅಮ್ಮ ದೀಪಕ್ಕೆ ಹುಣಸೆಹಣ್ಣು ಹಾಕ್ತಾಳಲ್ಲ, ಸೋ... ಮಂತ್ರ ಗೊತ್ತಿರ್ಲಿಲ್ಲ. ಐ ಜಸ್ಟ್ ಸ್ಟುಡ್ ದೇರ್. ನಾಳೆ ಎಲ್ಲಾ ಹೋಗತ್ತೆ ಅಂತ ಒಂದನ್ನ ಇಟ್ಕೊಂಡೆ. ಐ ಆಮ್ ಸಾರಿ, ಚಿಕ್ಕಪ್ಪ. ಬೆಳಿಗ್ಗೇನೇ ಹೇಳಬೇಕಿತ್ತು."

ವಿಕ್ರಾಂತ್ ಹುಡುಗನ ಬೆನ್ನ ಮೇಲೆ ಕೈಯಿಟ್ಟ.

ರಮಾಮಣಿ ಫೋನನ್ನು ಬೀರುವಿನ ಮೇಲಿಟ್ಟರು. ಮೂವತ್ತು ವರ್ಷ ಸಂಸಾರ ಮಾಡಿ ಒಮ್ಮೆಯೂ ಮುಟ್ಟದ ಬಂದೂಕನ್ನು ತೊಡೆಯ ಮೇಲೆ ಹಾಕಿಕೊಂಡು ಜಮಖಾನದ ಮೇಲೆ ಕೂತರು. ಸೆರಗಿನ ಚುಂಗು ಹಿಡಿದು ಹಿತ್ತಾಳೆಯ ಸಂದಿಗೊಂದಿಯೆಲ್ಲ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಆಮೇಲೆ ತಲೆಯೆತ್ತಿ, "ಹುಣಸೆಹಣ್ಣು ಹಚ್ಚಿದ ಮೇಲೆ ತೊಳೀಬೇಕು ಕಣೋ ಕತ್ತೆ!" ಎಂದು ಗದರಿದರು. "ಹಂಗೇ ಬಿಟ್ರೆ ಕಿಲುಬು ಹಿಡಿಯಲ್ವಾ? ನಿಮ್ಮಪ್ಪ ನೋಡಿದ್ರೆ ಏನಂದ್ಕೊಳ್ತಿದ್ರು?"

ನಾಲ್ಕು ತಿಂಗಳ ಮೇಲೆ ಆ ಮನೆಯಲ್ಲಿ ಬಿದ್ದ ಮೊದಲ ಬೈಗುಳ. ಬೈಸಿಕೊಂಡ ಹುಡುಗ ಅಮ್ಮನ ಪಕ್ಕ ಕುಸಿದು ಕೂತು ಗೊಳೋ ಎಂದು ಅತ್ತ. ರಾಜಿಗೂ ತಡೆಯಲಾಗಲಿಲ್ಲ.